ಉಡಿಕೆಯ ಹೆಣ್ಣು: ವಂಶಾವಳಿಯ ದಾಖಲೆಗಳ ಮಾತು ಮತ್ತು ಮೌನ

ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಣ್ಣು ಮತ್ತೊಂದು ಸಂಸಾರ ಹೂಡುವುದಕ್ಕೆ ಸಂಪ್ರದಾಯದ ಒಪ್ಪಿಗೆಯಿತ್ತು. ಉಡಿಕೆ, ಕೂಡಿಕೆ, ಸೀರುಡಿಕೆ ಎಂದು ನಾನಾ ಹೆಸರುಗಳಿಂದ ಕರೆಯಲಾಗುವ ಈ ಪದ್ಧತಿಯ ಆಚರಣೆಯ ಮುಖವನ್ನು ವಿದ್ವಾಂಸರು ವಿವರಿಸಿದ್ದಾರೆ. ಆದರೆ ಹೀಗೆ ಎರಡು ಮನೆಗಳನ್ನು ಕಂಡ ಹೆಣ್ಣೊಬ್ಬಳ ಕುಟುಂಬ ಚರಿತ್ರೆಯನ್ನು ಹಳೆಯ ದಾಖಲೆಗಳಿಂದ ಕಟ್ಟಿಕೊಳ್ಳುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬ ಪ್ರಶ್ನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಈ ಪ್ರಶ್ನೆಯನ್ನು ಎತ್ತಿಕೊಂಡ ಕೂಡಲೇ ದಾಖಲೆ ಎಂಬುದು ಯಾರ ಅಗತ್ಯಕ್ಕಾಗಿ ಹುಟ್ಟುತ್ತದೆ ಎಂಬ ಮೂಲ ಪ್ರಶ್ನೆಯೂ ಎದುರಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ವಂಶದ ನೆನಪನ್ನು ಕಾಯ್ದವರು ಹೆಳವರು. ಎತ್ತನ್ನೇರಿ ಊರಿಂದ ಊರಿಗೆ ಬಂದು, ಒಕ್ಕಲು ಮನೆತನಗಳ ಪೀಳಿಗೆಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವ ಇವರ ಪರಂಪರೆ ಜಾನಪದ ಅಧ್ಯಯನಕ್ಕೆ ದೊಡ್ಡ ಆಕರ. ಆದರೆ ಹೆಳವರ ವಂಶಾವಳಿ ಮುಖ್ಯವಾಗಿ ತಂದೆಯಿಂದ ಮಗನಿಗೆ ಇಳಿಯುವ ಸಾಲು. ಇಂಥ ಸಾಲಿನಲ್ಲಿ ಹೆಣ್ಣಿಗೆ ಸ್ವಂತ ಕವಲಿಲ್ಲ. ಉಡಿಕೆಯಾಗಿ ಹೋದವಳು ಮೊದಲ ಮನೆಯ ಪೀಳಿಗೆಯಿಂದ ಜಾರುತ್ತಾಳೆ. ಎರಡನೆಯ ಮನೆಯ ಪೀಳಿಗೆಯಲ್ಲಿ ಉಳಿಯುವವರು ಆಕೆಯ ಗಂಡುಮಕ್ಕಳು. ಎರಡೂ ಮನೆಗಳ ಪಾಠವನ್ನು ಒಟ್ಟಿಗೆ ಇಟ್ಟು ನೋಡದ ಹೊರತು ಆ ಇಬ್ಬರು ಸೊಸೆಯರು ಒಬ್ಬಳೇ ಹೆಣ್ಣು ಎಂಬುದು ಗೊತ್ತಾಗುವುದಿಲ್ಲ.

ವಸಾಹತು ಕಾಲದ ಜನಾಂಗ ವಿವರಣೆಗಳದು ಬೇರೆ ಬಗೆಯ ಕೊರತೆ. 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ರ ಗ್ರಂಥವಾಗಲಿ, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಾಗಲಿ ಉಡಿಕೆಯ ವಿಧಿನಿಷೇಧಗಳನ್ನು ಪಟ್ಟಿಮಾಡುತ್ತವೆ. ಧಾರೆಯಿಲ್ಲದೆ ಸೀರೆ ಕೊಟ್ಟು ನಡೆಸುವ ಸರಳ ಕ್ರಮ, ಮುತ್ತೈದೆಯರು ದೂರ ಉಳಿಯುವುದು, ಉಡಿಕೆಯ ಸಂತಾನವನ್ನು ‘ಕೂಡಿಕೆ ಸಾಲು’ ಎಂದು ಪ್ರತ್ಯೇಕಿಸುವುದು ಮುಂತಾದವು ಅಲ್ಲಿ ದೊರೆಯುತ್ತವೆ. ಆದರೆ ಇವು ಜಾತಿಯ ನಿಯಮವನ್ನು ಹೇಳುತ್ತವೆಯೇ ಹೊರತು ಹೆಣ್ಣಿನ ಬದುಕನ್ನಲ್ಲ. ಮರುಮದುವೆ ಇದೆಯೇ ಇಲ್ಲವೇ ಎಂಬುದನ್ನು ಜಾತಿಯ ಸ್ಥಾನವನ್ನು ಅಳೆಯುವ ಕೋಲನ್ನಾಗಿ ಬಳಸಿದ ಕಾಲದಲ್ಲಿ, ಮಾಹಿತಿದಾರರು ತಮ್ಮಲ್ಲಿ ಆ ಪದ್ಧತಿ ಇಲ್ಲವೆಂದು ಹೇಳಿರುವ ಸಾಧ್ಯತೆಯನ್ನೂ ಮರೆಯುವಂತಿಲ್ಲ. ಜನಗಣತಿಯಂತೂ ಅವಿವಾಹಿತರು, ವಿವಾಹಿತರು, ವಿಧವೆ-ವಿಧುರರು ಎಂಬ ವಿಂಗಡಣೆಯಲ್ಲಿ ಮರುಮದುವೆಯಾದವಳನ್ನು ವಿವಾಹಿತೆಯರ ಲೆಕ್ಕಕ್ಕೆ ಸೇರಿಸಿ, ಆಕೆಯ ಹಿಂದಿನ ಬದುಕನ್ನು ಅಳಿಸಿತು.

ಆಕೆ ಸ್ವಲ್ಪ ಸ್ಪಷ್ಟವಾಗಿ ಕಾಣಿಸಬಹುದಾದ ಜಾಗ ನ್ಯಾಯಾಲಯದ ಕಡತ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೂ ಅನ್ವಯಿಸಿದ 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆ ಮರುಮದುವೆಗೆ ಕಾನೂನಿನ ಮಾನ್ಯತೆ ನೀಡಿತು. ಅದರ ಎರಡನೆಯ ಕಲಮು ಮಾತ್ರ, ವಿಧವೆ ಮತ್ತೆ ಮದುವೆಯಾದರೆ ಆ ಗಳಿಗೆಯಲ್ಲಿ ಆಕೆ ಸತ್ತಳೋ ಎಂಬಂತೆ ಮೃತ ಪತಿಯ ಆಸ್ತಿ ಮುಂದಿನ ವಾರಸುದಾರರಿಗೆ ಸೇರತಕ್ಕದ್ದು ಎಂದು ವಿಧಿಸಿತು. ಮೂರನೆಯ ಕಲಮು ಮೊದಲ ಮದುವೆಯ ಮಕ್ಕಳ ಪಾಲನೆಗಾಗಿ ಮೃತನ ಬಂಧುಗಳು ನ್ಯಾಯಾಲಯಕ್ಕೆ ಹೋಗಲು ಅವಕಾಶ ಕೊಟ್ಟಿತು. ಉಡಿಕೆ ಮೊದಲಿನಿಂದಲೂ ರೂಢಿಯಲ್ಲಿದ್ದ ಜಾತಿಗಳ ಹೆಣ್ಣುಮಕ್ಕಳಿಗೂ ಆಸ್ತಿನಷ್ಟದ ನಿಯಮವನ್ನು ಮುಂಬಯಿ ಹೈಕೋರ್ಟು ಅನ್ವಯಿಸಿತು. ಅಲಹಾಬಾದಿನ ನಿಲುವು ಇದಕ್ಕೆ ಭಿನ್ನವಾಗಿತ್ತು. ಪರಿಣಾಮವಾಗಿ ಎರಡನೆಯ ಮದುವೆಯನ್ನು ಸಾಬೀತುಪಡಿಸುವುದು ಮೊದಲ ಗಂಡನ ದಾಯಾದಿಗಳಿಗೆ ಲಾಭದ ಸಂಗತಿಯಾಯಿತು. ಕಾನೂನು ಸತ್ತವಳೆಂದು ಎಣಿಸಿದ ಹೆಣ್ಣಿನ ಬದುಕಿಗೆ ಪುರಾವೆ ಒದಗುವುದು ಆಕೆಯ ಹಕ್ಕನ್ನು ಕಸಿಯಲು ಹೂಡಿದ ದಾವೆಯಿಂದ! ಆದ್ದರಿಂದ ಅಲ್ಲಿನ ಸಾಕ್ಷಿಗಳ ಮಾತನ್ನು ಚರಿತ್ರೆಯೆಂದು ನೇರವಾಗಿ ಸ್ವೀಕರಿಸಲಾಗದು. ಯಾವ ಸಾಕ್ಷಿಗೆ ಯಾವ ಹೊಲದ ಮೇಲೆ ಕಣ್ಣಿತ್ತು ಎಂಬುದನ್ನು ಮೊದಲು ನೋಡಬೇಕು.

ತಾಯಿಯನ್ನು ಒಂದು ಮನೆಗೂ ಮಗುವನ್ನು ಇನ್ನೊಂದು ಮನೆಗೂ ಹಂಚುವ ಈ ತರ್ಕ ಆಧುನಿಕ ಸಾಹಿತ್ಯದಲ್ಲಿಯೂ ಕಾಣುತ್ತದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಉಡಿಕೆಯ ಪದ್ಧತಿಯಿಲ್ಲದ ಬ್ರಾಹ್ಮಣ ಕುಟುಂಬದ ಕಥೆ. ಅಲ್ಲಿ ವಿಧವೆ ಕಾತ್ಯಾಯಿನಿ ಮತ್ತೆ ಮದುವೆಯಾದಾಗ ಮಗ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಹಳೆಯ ಕಾಗದಪತ್ರಗಳು ಬಯಲು ಮಾಡುವುದು ಶ್ರೀನಿವಾಸ ಶ್ರೋತ್ರಿಯರ ಹುಟ್ಟಿನ ಗುಟ್ಟನ್ನು. ವಂಶ ಶುದ್ಧಿಯ ನಂಬಿಕೆ ಕುಸಿಯುವುದೂ ಅಲ್ಲಿಯೇ. ಆದರೆ ಕಾತ್ಯಾಯಿನಿಯ ಎರಡನೆಯ ದಾಂಪತ್ಯದಲ್ಲಿ ಗರ್ಭ ನಿಲ್ಲುವುದಿಲ್ಲ. ವಂಶದ ಕಲ್ಪನೆಯನ್ನೇ ಪ್ರಶ್ನಿಸುವ ಕೃತಿಯೂ ಮರುಮದುವೆಯಾದ ಹೆಣ್ಣಿಗೆ ಹೊಸ ಕವಲನ್ನು ಕೊಡದೆ ಮುಗಿಯುವುದು ಗಮನಾರ್ಹ. ಉಡಿಕೆಯುಳ್ಳ ಸಮುದಾಯಗಳು ಕೂಡಿಕೆ ಸಾಲನ್ನು ಕೀಳಾಗಿ ಕಂಡದ್ದುಂಟು. ಆದರೂ ಅದೊಂದು ಸಾಲು ಎಂದು ಒಪ್ಪಿ ಅದಕ್ಕೊಂದು ಹೆಸರನ್ನು ಕೊಟ್ಟವು.

1856ರ ಕಾಯಿದೆ 1983ರಲ್ಲಿ ರದ್ದಾಯಿತು. ಆದರೆ ಅದರ ಕಾಲದಲ್ಲಿ ರೂಪುಗೊಂಡ ಕಡತಗಳೇ ಇಂದಿನ ಸಂಶೋಧಕನ ಆಕರಗಳು. ಉಡಿಕೆಯ ಹೆಣ್ಣಿನ ಚರಿತ್ರೆಯನ್ನು ಬರೆಯಬೇಕಾದರೆ ಗಂಡನ ಹೆಸರಿನಿಂದ ಹೊರಡುವ ವಂಶವೃಕ್ಷದ ವಿನ್ಯಾಸವನ್ನು ಬಿಟ್ಟು, ಆಕೆಯ ತವರಿನಿಂದ ಹೊರಡಬೇಕಾಗುತ್ತದೆ. ಎರಡೂ ಮದುವೆಗಳ ನೆನಪು ಒಂದೆಡೆ ಉಳಿದಿರುವ ಸಾಧ್ಯತೆಯಿರುವುದು ತವರಿನಲ್ಲಿ ಮಾತ್ರ. ತವರಿನವರ ಮೌಖಿಕ ನೆನಪು, ಎರಡು ಮನೆತನಗಳ ಹೆಳವರ ಪಾಠ, ಜಮೀನಿನ ವಾರಸಾ ದಾಖಲೆ, ದಾವೆಯ ಕಡತ ಇವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಬೇರೆಬೇರೆ ಕಡೆ ಚದುರಿಹೋದ ಒಬ್ಬಳೇ ಹೆಣ್ಣು ಕೂಡಿ ಬರುತ್ತಾಳೆ. ಯಾವ ಜಾಗದಲ್ಲಿ ದಾಖಲೆ ಆಕೆಯನ್ನು ಕೈಬಿಟ್ಟಿತೋ ಆ ಜಾಗವನ್ನೂ ಗುರುತಿಸಿ ಬರೆಯುವುದು ಅಂಥ ಚರಿತ್ರೆಯ ಅವಶ್ಯ ಭಾಗವಾಗಿದೆ.