ಭಾಷೆ ಕೊಡದ ಸಂಕಮ್ಮ, ಹರಕೆ ಹೊತ್ತ ಬೆಟ್ಟ

ಒಂದು ಶಿವರಾತ್ರಿಯ ಹಿಂದಿನ ದಿನ ತಾಳಬೆಟ್ಟದಲ್ಲಿ ಕಾಯಿ ಒಡೆದು ಮಲೆ ಹತ್ತುವವರ ಜೊತೆ ನಾನೂ ನಡೆದಿದ್ದೆ. ಕೈಯಲ್ಲಿ ನೀರಿನ ಬಾಟಲಿ, ಹೆಗಲಚೀಲದಲ್ಲಿ ಮಾದೇಶ್ವರ ಕಾವ್ಯದ ಒಂದು ಪ್ರತಿ. ನನ್ನ ಪಕ್ಕದಲ್ಲೇ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಬರಿಗಾಲಲ್ಲಿ ನಡೆಯುತ್ತಿದ್ದಳು. ಮಾತಿಗೆ ಮಾತು ಬೆಳೆದು ಸಂಕಮ್ಮನ ಕಥೆ ಬಂತು. ಆ ಸಾಲಿನಲ್ಲಿ ನಿಮಗೆ ಏನು ಇಷ್ಟ ಎಂದು, ಪಾಠ ಮಾಡುವವರ ಚಟದಿಂದ ಕೇಳಿದೆ. ಆಕೆ ಅಂದದ್ದು ಇಷ್ಟು: "ಆಯಮ್ಮ ಗಂಡುಂಗೆ ಭಾಸೆ ಕೊಡ್ನಿಲ್ಲ. ನಾನು ಮಾದಪ್ಪುಂಗೆ ಕೊಟ್ಬುಟ್ಟಿವ್ನಿ. ಕೊಟ್ಮೇಲೆ ನಡೀಬೇಕಲ್ವಾ ಮಗಾ?"

ಈ ಬರಹ ಆ ಮಾತಿನ ಬೆನ್ನುಹತ್ತಿ ಹೊರಟದ್ದು. ಮಾದೇಶ್ವರ ಕಾವ್ಯವನ್ನು ನಾವು ತರಗತಿಯಲ್ಲಿ ಓದುವ ರೀತಿಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಅದು ಏನೆಂದು ತಿಳಿದದ್ದು ಆ ದಾರಿಯಲ್ಲಿ.

ಕಾವ್ಯದ ಸ್ವರೂಪವನ್ನು ಮೊದಲು ನೆನಪಿಸಿಕೊಳ್ಳೋಣ. ಇದು ಒಬ್ಬ ಕವಿ ಕೂತು ಬರೆದದ್ದಲ್ಲ. ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು, ಹಿಮ್ಮೇಳದವರ ಸೊಲ್ಲಿನೊಂದಿಗೆ ರಾತ್ರಿಯಿಡೀ ಹಾಡುವ ಕಥನ. ಕಾಂಡ, ಸಂಧಿ, ಆಶ್ವಾಸಗಳು ಇಲ್ಲಿಲ್ಲ; ಇರುವುದು 'ಸಾಲು'ಗಳು. ಶ್ರವಣನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಯಾವ ರಾತ್ರಿ ಯಾವ ಸಾಲು ಎಂಬುದನ್ನು ಹಾಡಿಸುವವರ ಹರಕೆ ಮತ್ತು ಹಾಡುವವರ ಶಕ್ತಿ ನಿರ್ಧರಿಸುತ್ತವೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ 'ಮಲೆಯ ಮಾದೇಶ್ವರ' 1973ರಲ್ಲಿ ಅಚ್ಚಾಯಿತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಪಾಠದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ತಂದಿತು. ಅಚ್ಚಿನಿಂದ ಆದ ಉಪಕಾರ ದೊಡ್ಡದು. ಆದರೆ ಪುಸ್ತಕ ಒಂದು ಭ್ರಮೆಯನ್ನೂ ಹುಟ್ಟಿಸಿತು: ಇದು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಬಹುದಾದ ಒಂದು ಕೃತಿ ಎಂಬ ಭ್ರಮೆ.

ಒಂದೊಂದು ಸಾಲೂ ಒಂದು ಸಮುದಾಯ ಮಾದಪ್ಪನ ಒಕ್ಕಲಾದ ಬಗೆಯನ್ನು ಹೇಳುತ್ತದೆ. ಸೋಲಿಗರು ಸಂಕಮ್ಮನ ಮೂಲಕ, ಕುರುಬರು ಆಲಂಬಾಡಿಯ ಜುಂಜೇಗೌಡನ ಮೂಲಕ ಬರುತ್ತಾರೆ. ಬೆಟ್ಟದ ಮೇಲೆ ಗುಡಿ ಕಟ್ಟಿಸಿದವನೇ ಈ ಜುಂಜೇಗೌಡ ಎನ್ನುತ್ತದೆ ಕಾವ್ಯ. ಆಲಂಬಾಡಿ ಇಂದು ತಮಿಳುನಾಡಿನಲ್ಲಿದೆ. ಮಾದಪ್ಪನ ಬೆಟ್ಟವಿದ್ದ ಕೊಳ್ಳೇಗಾಲ ಸೀಮೆಯೂ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ರಾಜ್ಯಗಳ ಗಡಿ ಆಮೇಲೆ ಬಂತು. ಒಕ್ಕಲಿನ ಗಡಿ ಮೊದಲೇ ಇತ್ತು. ಇಂದಿಗೂ ಬೆಟ್ಟದ ಸಾಲಿನಲ್ಲಿ ತಮಿಳು ಮಾತು ಕೇಳಿಸುವುದಕ್ಕೆ ಕಾರಣ ಇದೇ. ಎಪ್ಪತ್ತೇಳು ಮಲೆಯ ಒಡೆಯ ಎಂಬ ಹೊಗಳಿಕೆಯನ್ನು ನಾವು ಅಲಂಕಾರ ಎಂದುಕೊಳ್ಳುತ್ತೇವೆ. ಹಾಡುವವರಿಗೆ ಅದು ಭೂಪಟ.

ಇನ್ನು ಸಂಕಮ್ಮ. ಅವಳ ಗಂಡ ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಟಿದ್ದಾನೆ. ಹಿಂದಿರುಗುವುದು ಎಷ್ಟು ದಿನಕ್ಕೋ. ಹೊರಡುವ ಮುನ್ನ ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ: ನಾನಿಲ್ಲದಾಗ ಶೀಲವಂತೆಯಾಗಿರುತ್ತೇನೆ ಎಂದು ಮಾತು ಕೊಡು. ಸಂಕಮ್ಮ ಕೊಡುವುದಿಲ್ಲ. ಬೈಗುಳ, ಹೊಡೆತ, ಹಿಂಸೆ ಯಾವುದಕ್ಕೂ ಬಗ್ಗುವುದಿಲ್ಲ. ಕೊನೆಗೆ ಅವಳನ್ನು ಗುಡಿಸಲಲ್ಲಿ ಕೂಡಿಹಾಕಿ ಅವನು ಹೊರಟುಹೋಗುತ್ತಾನೆ. ಭಿಕ್ಷೆಗೆ ಬಂದ ಜಂಗಮನ ವೇಷದಲ್ಲಿ ಮಾದಪ್ಪ ಅವಳ ಬಾಗಿಲಿಗೆ ಬರುತ್ತಾನೆ, ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಮರಳಿದ ಗಂಡ ಬಸುರಿಯನ್ನು ಕಂಡು ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾನೆ. ಅವಳು ಎಲ್ಲವನ್ನೂ ಗೆಲ್ಲುತ್ತಾಳೆ. ಹುಟ್ಟಿದ ಕಾರಯ್ಯ, ಬಿಲ್ಲಯ್ಯ ಮಾದಪ್ಪನ ಶಿಶುಮಕ್ಕಳಾಗುತ್ತಾರೆ.

ಕನ್ನಡದಲ್ಲಿ 'ಭಾಷೆ' ಎಂದರೆ ನುಡಿಯೂ ಹೌದು, ಆಣೆಯೂ ಹೌದು. ನಮ್ಮ ಬಾಲ್ಯದ ನೀತಿಪಾಠವೆಲ್ಲ ಕೊಟ್ಟ ಭಾಷೆಯನ್ನು ಉಳಿಸಿಕೊಂಡವರದ್ದು. ಗೋವಿನ ಹಾಡಿನ ಪುಣ್ಯಕೋಟಿ ಹುಲಿಗೆ ಭಾಷೆ ಕೊಟ್ಟಳು, ಕರುವಿಗೆ ಹಾಲೂಡಿಸಿ ಮರಳಿ ಬಂದಳು, ಅವಳ ಸತ್ಯಕ್ಕೆ ಹುಲಿಯೇ ಪ್ರಾಣ ಬಿಟ್ಟಿತು. ಸಂಕಮ್ಮನ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಭಾಷೆಯನ್ನು ಉಳಿಸಿಕೊಳ್ಳುವುದಿರಲಿ, ಅದನ್ನು ಕೇಳುವ ಹಕ್ಕು ನಿನಗೆಲ್ಲಿಂದ ಬಂತು? ಶೀಲವಂತೆಯಾಗಿರುವುದು ಅವಳಿಗೆ ಕಷ್ಟವಲ್ಲ; ಅವಳು ಹಾಗೆಯೇ ಇದ್ದಾಳೆ. ಆದರೆ ಭಾಷೆ ಕೊಟ್ಟ ಕ್ಷಣ ಅವಳ ಶೀಲ ಅವಳದಾಗಿ ಉಳಿಯದೆ ಗಂಡನ ಅನುಮಾನಕ್ಕೆ ಕೊಟ್ಟ ಉತ್ತರವಾಗುತ್ತದೆ. ಸೀತೆ ಬೆಂಕಿಗೆ ಇಳಿದದ್ದು ಅನುಮಾನ ಹುಟ್ಟಿದ ಮೇಲೆ. ಸಂಕಮ್ಮನಿಗೆ ಮಾತ್ರ ಮುಂದೆ ಹುಟ್ಟಬಹುದಾದ ಅನುಮಾನಕ್ಕೆ ಮುಂಗಡ ಕಟ್ಟು ಎನ್ನಲಾಗುತ್ತಿದೆ. ಆ ಮುಂಗಡವನ್ನು ಅವಳು ನಿರಾಕರಿಸುತ್ತಾಳೆ. ಕನ್ನಡ ಕಥನಲೋಕದಲ್ಲಿ ಇಷ್ಟು ಸ್ಪಷ್ಟವಾದ 'ಇಲ್ಲ' ಅಪರೂಪ.

ಇದನ್ನೆಲ್ಲ ವಿಮರ್ಶೆ ಗುರುತಿಸಿಲ್ಲ ಎಂದಲ್ಲ. ಮಾದೇಶ್ವರ ಕಾವ್ಯವನ್ನು ಪ್ರತಿಭಟನೆಯ ಕಾವ್ಯವಾಗಿ ಓದುವ ಕ್ರಮ ಇವತ್ತು ತರಗತಿಗಳಲ್ಲಿ ಸಲೀಸಾಗಿದೆ, ಆಧಾರಗಳೂ ಬೇಕಾದಷ್ಟಿವೆ. ಶ್ರವಣನ ಸಾಲನ್ನೇ ನೋಡಿ. ದೇವಾನುದೇವತೆಗಳನ್ನು ಸೆರೆಯಿಟ್ಟ ದೊರೆಯನ್ನು ಮುಗಿಸಲು ಮಾದಪ್ಪ ಹೋಗುವುದು ಹರಳಯ್ಯನ ಬಳಿಗೆ. ಅರಗಿನ ಪಾದರಕ್ಷೆ ಸಿದ್ಧವಾಗುತ್ತದೆ, ಅದನ್ನು ಮೆಟ್ಟಿದ ಶ್ರವಣನಿಗೆ ಅದೇ ಮೃತ್ಯುವಾಗುತ್ತದೆ. ಹರಳಯ್ಯ ಎಂಬ ಹೆಸರು ಕೇಳಿದೊಡನೆ ಕಲ್ಯಾಣದ ಶರಣ ಹರಳಯ್ಯ ನೆನಪಾಗುತ್ತಾನೆ. ತನ್ನ ಮತ್ತು ಮಡದಿಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದವನು ಎಂದು ಐತಿಹ್ಯ ಹೇಳುವ ಹರಳಯ್ಯ. ಅಲ್ಲಿ ಕಸುಬು ತನ್ನನ್ನೇ ಸುಲಿದುಕೊಂಡು ಭಕ್ತಿಯಾಯಿತು. ಇಲ್ಲಿ ಅದೇ ಕಸುಬು ಆಯುಧವಾಯಿತು. ಒಂದೇ ಹೆಸರು, ಒಂದೇ ಜೊತೆ ಚಪ್ಪಲಿ, ಎರಡು ಲೋಕದೃಷ್ಟಿ. ಜನಪದರು ಪುರಾಣವನ್ನು ಮರುಬರೆಯುವುದು ಹೀಗೆ, ಗದ್ದಲವಿಲ್ಲದೆ.

ನನ್ನ ತಕರಾರು ಇದರ ಮುಂದಿನದು. ಪ್ರತಿಭಟನೆಯ ಓದು ಮಾದಪ್ಪನನ್ನು ನಮ್ಮ ಕಡೆಯವನು ಎಂದು ಒಪ್ಪಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಆದರೆ ಕಾವ್ಯದ ಮಾದಪ್ಪ ಅಷ್ಟು ಸುಲಭದ ದೇವರಲ್ಲ. ಅವನು ಬೇಡುವ ದೇವರು. ಸುತ್ತೂರು ಮಠದಲ್ಲಿ ರಾಗಿ ಬೀಸುವ ಕೆಲಸಕ್ಕೆ ನಿಂತವನು, ಜೋಳಿಗೆ ಹಿಡಿದು ಮನೆಮನೆಗೆ ಹೋಗುವವನು. ಮೇಲುನೋಟಕ್ಕೆ ಇದು ಬಡವರ ದೇವರ ಲಕ್ಷಣ. ಆದರೆ ಅವನು ಬೇಡಿದಾಗ ಇಲ್ಲ ಎಂದವರ ಗತಿ ಏನಾಯಿತು? ಸಾಲಿನ ನಂತರ ಸಾಲಿನಲ್ಲಿ ಕ್ರಮ ಒಂದೇ: ಬೇಡುತ್ತಾನೆ, ಸಿರಿವಂತರ ಮನೆ ಕೊಡುವುದಿಲ್ಲ, ಆ ಮನೆಗೆ ಕಷ್ಟ ಸುತ್ತಿಕೊಳ್ಳುತ್ತದೆ, ಕೊನೆಗೆ ಶರಣಾಗತಿ, ಆಮೇಲೆ ಒಕ್ಕಲು. ಇಲ್ಲ ಎನ್ನುವ ಸ್ವಾತಂತ್ರ್ಯ ಇಲ್ಲಿ ಯಾರಿಗೂ ಕೊನೆಯವರೆಗೆ ಇಲ್ಲ. ಜಿಪುಣ ಶ್ರೀಮಂತರಿಗೆ ಶಾಸ್ತಿಯಾಯಿತೆಂದು ನಾವು ಖುಷಿಪಡಬಹುದು. ಆದರೆ ಅದೇ ಕಾವ್ಯ ಸಂಕಮ್ಮನ 'ಇಲ್ಲ'ವನ್ನು ಎತ್ತಿಹಿಡಿಯುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದಾಗ ಕಸಿವಿಸಿ ಶುರುವಾಗುತ್ತದೆ. ಗಂಡನಿಗೆ ಇಲ್ಲ ಎನ್ನಬಹುದು, ದೇವರಿಗೆ ಎನ್ನುವಂತಿಲ್ಲವೇ?

ಸಂಕಮ್ಮನ ಸಾಲಿನ ಒಳಗೇ ಈ ಇಕ್ಕಟ್ಟು ಇದೆ. ದೇವರು ಬಂದು ಬಿಡಿಸಿದ ಮೇಲೂ ಪರೀಕ್ಷೆ ತಪ್ಪಲಿಲ್ಲ. ಗೆದ್ದಳು, ನಿಜ. ಆದರೆ ಯಾವುದನ್ನು ರುಜುವಾತು ಮಾಡುವುದಿಲ್ಲ ಎಂದು ಅಷ್ಟೆಲ್ಲ ಹಿಂಸೆ ತಿಂದಳೋ ಅದನ್ನೇ ಕೊನೆಗೆ ಊರೆದುರು ರುಜುವಾತು ಮಾಡಬೇಕಾಯಿತು. ಬಾಯಿಮಾತಿನ ಭಾಷೆಯನ್ನು ಕೊಡದವಳು ಮೈಯ ಭಾಷೆಯನ್ನು ಕೊಟ್ಟಳು. ಫಲವಾಗಿ ಬಂದ ಮಕ್ಕಳೂ ಕೊನೆಗೆ ಮಾದಪ್ಪನ ಪಾಲು. ಬಾಗಿಲಲ್ಲಿ ಭಿಕ್ಷುಕನಾಗಿ ನಿಂತವನು ಹೊರಡುವಾಗ ಎಲ್ಲರಿಗಿಂತ ಹೆಚ್ಚು ಪಡೆದುಕೊಂಡಿರುತ್ತಾನೆ. ಕಾವ್ಯ ಇದನ್ನು ಮುಚ್ಚಿಡುವುದಿಲ್ಲ. ಮುಚ್ಚಿಡುವುದು ನಾವು, ನಮ್ಮ ಟಿಪ್ಪಣಿಗಳಲ್ಲಿ.

ಹಾಗಾದರೆ ಇದು ಹೆಣ್ಣಿನ 'ಇಲ್ಲ'ವನ್ನು ಎತ್ತಿ ಮೆರೆಸಿ ಆಮೇಲೆ ಪಳಗಿಸುವ ಕಾವ್ಯವೇ? ಪುಸ್ತಕವನ್ನು ಮಾತ್ರ ಓದಿದ್ದರೆ ನಾನು ಹೌದು ಎಂದೇ ಬರೆಯುತ್ತಿದ್ದೆ. ತಾಳಬೆಟ್ಟದ ಹೆಣ್ಣುಮಗಳ ಮಾತು ನನ್ನನ್ನು ತಡೆಯಿತು.

ಆಕೆಯ ಮಾತಿನಲ್ಲಿ ಎರಡು ಭಾಷೆಗಳಿದ್ದವು. ಕೇಳಿ ಪಡೆಯುವ ಭಾಷೆ ಒಂದು, ತಾನಾಗಿ ಕೊಡುವ ಭಾಷೆ ಇನ್ನೊಂದು. ಹರಕೆ ಎರಡನೆಯದು. ಹರಕೆಯನ್ನು ನಾವು ಓದಿದವರು ಸಾಮಾನ್ಯವಾಗಿ ದೇವರೊಡನೆ ನಡೆಸುವ ವ್ಯಾಪಾರ ಎಂದು ನಗುತ್ತೇವೆ. ಆದರೆ ಇಡೀ ವರ್ಷ ಇತರರ ಮಾತಿನಂತೆ ನಡೆಯುವ ಹೆಂಗಸಿಗೆ, ತಾನೇ ಮಾತು ಕೊಟ್ಟು ತಾನೇ ಅದನ್ನು ತೀರಿಸಲು ಮನೆ ಬಿಟ್ಟು ಎರಡು ದಿನ ನಡೆಯುವುದು ಸಣ್ಣ ಸಂಗತಿಯಲ್ಲ. ಹರಕೆ ಎಂದ ಮೇಲೆ ಗಂಡ ಬೇಡ ಎನ್ನುವಂತಿಲ್ಲ, ಅತ್ತೆಯೂ ಎನ್ನುವಂತಿಲ್ಲ. ಆ ದಾರಿಯಲ್ಲಿ ನಡೆಯುವಾಗ ಆಕೆ ಸಂಕಮ್ಮನನ್ನು ಸೋತವಳೆಂದು ನೆನೆಯುವುದಿಲ್ಲ, ಗೆದ್ದವಳೆಂದೂ ಅಲ್ಲ. ಭಾಷೆ ಎಂಬುದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಬಲ್ಲವಳೆಂದು ನೆನೆಯುತ್ತಾಳೆ. ಇದು ಬಿಡುಗಡೆಯೇ? ಅಲ್ಲ ಎಂದು ವಾದಿಸಬಹುದು. ದೇವರ ಭಯವೂ ಆಕೆಯ ಮಾತಿನಲ್ಲಿತ್ತು. ಕೊಟ್ಟ ಮೇಲೆ ನಡೆಯದೆ ಗತಿಯಿಲ್ಲ ಎಂಬ ಧ್ವನಿಯನ್ನು ನಾನು ಕೇಳಿಸಿಕೊಳ್ಳದೆ ಇರಲಾರೆ. ಆದರೆ ಆಕೆ ಭಯ ಮತ್ತು ಹಕ್ಕು ಎರಡನ್ನೂ ಒಟ್ಟಿಗೇ ಹೊತ್ತಿದ್ದಳು. ನಮ್ಮ ವಿಮರ್ಶೆ ಒಂದನ್ನು ಇಳಿಸಿಯೇ ಇನ್ನೊಂದನ್ನು ಎತ್ತಿಕೊಳ್ಳುತ್ತದೆ.

ಹಾಡುಗಾರಿಕೆಯ ರೂಪವೂ ಇದಕ್ಕೆ ಅವಕಾಶ ಕೊಡುತ್ತದೆ. ಸಾಲು ಸಾಲಾಗಿ ಇರುವ ಕಾವ್ಯದಲ್ಲಿ ಕೊನೆ ಎಂಬುದಕ್ಕೆ ಅಷ್ಟು ತೂಕವಿಲ್ಲ. ಸಂಕಮ್ಮ 'ಕೊಡೆ' ಎನ್ನುವ ಭಾಗ ರಾತ್ರಿಯ ಬಹುಪಾಲು ನಡೆಯುತ್ತದೆ. ಸೊಲ್ಲಿನವರು ಅದನ್ನು ಮತ್ತೆ ಮತ್ತೆ ಎತ್ತುತ್ತಾರೆ, ಕೂತವರು ಉಘೇ ಎನ್ನುತ್ತಾರೆ. ಶರಣಾಗತಿ ಬರುವ ಹೊತ್ತಿಗೆ ಬೆಳಕು ಹರಿಯುತ್ತಿರುತ್ತದೆ, ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಕಥೆಯ ತೀರ್ಪು ಕೊನೆಯಲ್ಲಿರಬಹುದು, ನೆನಪು ಮಾತ್ರ ನಡುವಿನಲ್ಲಿರುತ್ತದೆ. ಪುಸ್ತಕ ಓದುವ ನಾವು ಕೊನೆಯ ಪುಟದಿಂದ ಅರ್ಥ ಕಟ್ಟುತ್ತೇವೆ. ಕೇಳುವವರು ನಡುರಾತ್ರಿಯಿಂದ ಕಟ್ಟುತ್ತಾರೆ.

2023ರಲ್ಲಿ ಬೆಟ್ಟದ ಮೇಲೆ ಹುಲಿಯೇರಿದ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ದೂರದಿಂದಲೇ ಕಾಣುತ್ತದೆ, ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ತಕರಾರೇನಿಲ್ಲ. ಆದರೆ ಅಷ್ಟೆತ್ತರದ ದೇವರು ಯಾರ ಬಾಗಿಲಲ್ಲೂ ನಿಂತು ಬೇಡಲಾರ. ಬೇಡದ ದೇವರಿಗೆ ಕೊಡೆ ಎನ್ನುವ ಪ್ರಸಂಗವೂ ಬರುವುದಿಲ್ಲ. ಕಾವ್ಯದ ಜೀವ ಇದ್ದದ್ದು ಆ ಬಾಗಿಲಲ್ಲಿ: ಒಳಗೆ ಒಬ್ಬಳು, ಹೊರಗೆ ಜೋಳಿಗೆ ಹಿಡಿದ ಒಬ್ಬ, ನಡುವೆ ಇನ್ನೂ ಆಡದ ಒಂದು ಮಾತು. ಇಡೀ ಬೆಟ್ಟ ಕೇವಲ ದರ್ಶನದ ಜಾಗವಾದರೆ ಕಳೆದುಹೋಗುವುದು ಭಕ್ತಿಯಲ್ಲ, ಈ ಚೌಕಾಸಿ.

ವಿದ್ಯಾರ್ಥಿಗಳು ಈ ಕಾವ್ಯ ಓದುವುದಾದರೆ ಒಂದು ಕೆಲಸ ಮಾಡಬೇಕು. ಪಠ್ಯಭಾಗವನ್ನು ಮುಗಿಸಿದ ಮೇಲೆ ಒಂದು ರಾತ್ರಿ ಕಂಸಾಳೆಯವರ ಮುಂದೆ ಕೂರಬೇಕು, ಆಗದಿದ್ದರೆ ತಾಳಬೆಟ್ಟದಿಂದ ಸ್ವಲ್ಪ ದೂರವಾದರೂ ನಡೆಯಬೇಕು. ನಂಬಿಕೆ ಇರಲೇಬೇಕೆಂದಿಲ್ಲ. ಪಕ್ಕದಲ್ಲಿ ನಡೆಯುವವರ ಮಾತಿಗೆ ಕಿವಿ ಇದ್ದರೆ ಸಾಕು. ಆ ದಿನ ಆನೆತಲೆದಿಂಬದ ಹತ್ತಿರ ನಾನು ಸುಸ್ತಾಗಿ ಕೂತೆ. ಆ ಹೆಣ್ಣುಮಗಳು ಒಮ್ಮೆ ತಿರುಗಿ ನೋಡಿ, "ನೀನೇನೂ ಭಾಸೆ ಕೊಟ್ಟಿಲ್ವಲ್ಲ, ಬಸ್ಸಲ್ ಬಾ" ಎಂದು ನಕ್ಕು ನಡೆದೇಬಿಟ್ಟಳು.