ಅರ್ಗಾ ಗೇಟಿನಿಂದ ಕಂಡ ಎಚ್‌ಆರ್ ವೃತ್ತಿ

ಪದವಿಯ ಕೊನೆಯ ವರ್ಷದ ಮಕ್ಕಳಿಗೆ ಎಚ್‌ಆರ್ ವೃತ್ತಿಯ ಬಗ್ಗೆ ಹೇಳುವ ಮಾತು ಬೆಂಗಳೂರಿನಲ್ಲೂ ಒಂದೇ, ಕಾರವಾರದಲ್ಲೂ ಒಂದೇ. ನಾಲ್ಕು ಜನರ ಜೊತೆ ಬೆರೆಯುವ ಸ್ವಭಾವ ಇದೆಯೇ, ಇಂಗ್ಲಿಷ್ ಸಲೀಸಾಗಿ ಬರುತ್ತದೆಯೇ, ಹಾಗಾದರೆ ಎಂಬಿಎ ಮಾಡಿ. ಮೊದಲು ನೇಮಕಾತಿ ವಿಭಾಗ, ಆಮೇಲೆ ಮ್ಯಾನೇಜರ್, ಆಮೇಲೆ ಬಿಸಿನೆಸ್ ಪಾರ್ಟ್‌ನರ್, ಕೊನೆಗೆ ಇಡೀ ಎಚ್‌ಆರ್ ವಿಭಾಗದ ಮುಖ್ಯಸ್ಥ, ಅಂದರೆ ಸಿಎಚ್‌ಆರ್‌ಒ. ಪರದೆಯ ಮೇಲೆ ಮೆಟ್ಟಿಲಿನ ಚಿತ್ರ, ಪ್ರತಿ ಮೆಟ್ಟಿಲಿನ ಪಕ್ಕದಲ್ಲಿ ವಾರ್ಷಿಕ ಸಂಬಳದ ಅಂದಾಜು. ಈ ಉಪದೇಶ ಸುಳ್ಳಲ್ಲ. ಆ ಮೆಟ್ಟಿಲುಗಳನ್ನು ಹತ್ತಿದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಬೆಂಗಳೂರು, ಪುಣೆ, ಗೋವಾದಲ್ಲಿ ನೆಲೆಸಿದ್ದಾರೆ. ಆದರೆ ಎಚ್‌ಆರ್ ಎಂಬ ಕೆಲಸ ಹುಟ್ಟಿದ್ದು ಯಾವ ಜಗಳವನ್ನು ಬಗೆಹರಿಸಲು, ಅದು ಅತ್ಯಂತ ಬೇಕಾಗಿರುವ ಜಾಗ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಈ ವೃತ್ತಿ ಮಾರ್ಗದರ್ಶನ ಮುಟ್ಟುವುದೇ ಇಲ್ಲ. ಆ ಜಾಗಗಳಲ್ಲಿ ಒಂದು ಕಾರವಾರದಿಂದ ಸ್ವಲ್ಪವೇ ದೂರದಲ್ಲಿದೆ. ಅದು ಅರ್ಗಾ.

ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಈ ಊರು ಈಗ ನೌಕಾನೆಲೆಯ ಗೇಟಿನ ಹೆಸರಿನಿಂದಲೇ ಹೆಚ್ಚು ಪರಿಚಿತ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಇಟ್ಟರು. ಹಣದ ಅಡಚಣೆಯಿಂದ ಕುಂಟಿದ ಕೆಲಸಕ್ಕೆ 1999ರಲ್ಲಿ ಮತ್ತೆ ಚಾಲನೆ ಸಿಕ್ಕಿದಾಗ ರಕ್ಷಣಾ ಸಚಿವರಾಗಿದ್ದವರು ಜಾರ್ಜ್ ಫರ್ನಾಂಡಿಸ್, 1974ರ ರೈಲ್ವೆ ಮುಷ್ಕರದ ಮುಂದಾಳು. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಸೇವೆಗೆ ಬಂತು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 11,000 ಎಕರೆಯಷ್ಟು ನೆಲ ಇದಕ್ಕಾಗಿ ಹೋಯಿತು. ಸುಮಾರು 4,000 ಕುಟುಂಬಗಳು ಎದ್ದು ಹೋಗಬೇಕಾಯಿತು. ಅವರನ್ನು ಇಲ್ಲಿ ಇಂದಿಗೂ ಸೀಬರ್ಡ್ ನಿರಾಶ್ರಿತರು ಎಂದೇ ಕರೆಯುತ್ತಾರೆ. ಅವರ ಎರಡು ಬೇಡಿಕೆಗಳಲ್ಲಿ ಒಂದು ಭೂಮಿಯ ಪರಿಹಾರ, ಇನ್ನೊಂದು ನೌಕರಿ. ಪರಿಹಾರದ ಹೋರಾಟ ಕೋರ್ಟು ಕಚೇರಿಗಳಲ್ಲಿ ವರ್ಷಗಟ್ಟಲೆ ನಡೆದು ಪತ್ರಿಕೆಗಳಲ್ಲಿ ಬೇಕಾದಷ್ಟು ಸುದ್ದಿಯಾಯಿತು. ನೌಕರಿಯ ಪ್ರಶ್ನೆಯನ್ನು ಮಾತ್ರ ಭಾಷಣದ ವಿಷಯವಾಗಿ ಉಳಿಸಿ, ಅದರ ಒಳಗಿನ ಕೆಲಸವನ್ನು ಯಾರೂ ಕಲಿಸಲಿಲ್ಲ.

ಇಂಥ ನೆಲೆಯೊಂದು ಎದ್ದಾಗ ಸುತ್ತಲಿನವರಿಗೆ ಸಿಗುವ ಕೆಲಸದಲ್ಲಿ ಬಹುಪಾಲು ಗುತ್ತಿಗೆಯದ್ದು. ಕಟ್ಟಡ ಕಾಮಗಾರಿ, ಸ್ವಚ್ಛತೆ, ತೋಟ, ಅಡುಗೆ ಮನೆ, ಸಾಮಾನು ಸಾಗಣೆ. ಬೆಳಿಗ್ಗೆ ಗೇಟ್ ಪಾಸ್ ತೋರಿಸಿ ಒಳಗೆ ಹೋಗುವ ಹೆಂಗಸಿಗೆ ತನ್ನ ಧಣಿ ಯಾರೆಂದು ಕೇಳಿದರೆ ಮೇಸ್ತ್ರಿಯ ಹೆಸರನ್ನೋ ಸೂಪರ್‌ವೈಸರನ ಹೆಸರನ್ನೋ ಹೇಳುತ್ತಾಳೆ. ಅವಳ ಪಾಲಿಗೆ ಎಚ್‌ಆರ್ ವಿಭಾಗ ಅಂದರೆ ಅದೇ ಸೂಪರ್‌ವೈಸರ್: ಹಾಜರಿ ಹಾಕುವವನು ಅವನು, ರಜೆ ಕೊಡುವವನು ಅವನು, ನಾಳೆಯಿಂದ ಬರಬೇಡ ಎನ್ನುವವನೂ ಅವನೇ. ಅವನಿಗೆ ಈ ಕೆಲಸದ ತರಬೇತಿ ಇಲ್ಲ. ತರಬೇತಿ ಪಡೆದವರು ಬೆಂಗಳೂರಿನ ಮೆಟ್ಟಿಲಿನ ಮೇಲಿದ್ದಾರೆ.

ಒಂದೇ ಒಂದು ವಿಷಯವನ್ನು ಹತ್ತಿರದಿಂದ ನೋಡಿದರೆ ಇದರ ನಷ್ಟ ಗೊತ್ತಾಗುತ್ತದೆ. ಗುತ್ತಿಗೆ ಕೆಲಸಗಾರರ ಸಂಬಳದಿಂದ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ, ಶೇಕಡಾ 12 ಮುರಿಯುತ್ತಾರೆ, ಅಷ್ಟನ್ನೇ ಮಾಲೀಕ ಸೇರಿಸಬೇಕು. ಹಣ ಯುಎಎನ್ ಎಂಬ ಸಂಖ್ಯೆಯ ಖಾತೆಗೆ ಹೋಗುತ್ತದೆ. ಟೆಂಡರ್ ಮುಗಿದು ಗುತ್ತಿಗೆದಾರ ಬದಲಾಗುತ್ತಾನೆ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾಗಿ ಅರ್ಜಿ ಹಾಕಿದರೆ ತಿರಸ್ಕೃತವಾಗಿ ವಾಪಸು. ಕಾರಣ, ಆಧಾರಿನಲ್ಲಿ ಗೌಡ ಎಂಬುದರ ಇಂಗ್ಲಿಷ್ ಕಾಗುಣಿತ ಒಂದು ಬಗೆ, ಪಿಎಫ್ ದಾಖಲೆಯಲ್ಲಿ ಇನ್ನೊಂದು ಬಗೆ. ಅಥವಾ ಒಂದರಲ್ಲಿ ಗಂಡನ ಹೆಸರಿದೆ, ಇನ್ನೊಂದರಲ್ಲಿ ತಂದೆಯದ್ದು. ಅಥವಾ ಹುಟ್ಟಿದ ದಿನಾಂಕವನ್ನು ಸೂಪರ್‌ವೈಸರ್ ಅಂದಾಜಿನಲ್ಲಿ ಜನವರಿ ಒಂದು ಎಂದು ಬರೆದಿದ್ದಾನೆ. ತಿದ್ದುಪಡಿಗೆ ಜಂಟಿ ಘೋಷಣಾ ಪತ್ರ ಬೇಕು, ಅದಕ್ಕೆ ಹಳೆಯ ಮಾಲೀಕನ ಸಹಿ ಬೇಕು, ಹಳೆಯ ಗುತ್ತಿಗೆದಾರ ಊರು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಆಧಾರ್ ಮೂಲಕ ದೃಢಪಟ್ಟ ಖಾತೆಗಳಲ್ಲಿ ಹಲವು ತಿದ್ದುಪಡಿಗಳನ್ನು ಸದಸ್ಯರೇ ಮಾಡಿಕೊಳ್ಳಬಹುದೆಂದು ಭವಿಷ್ಯ ನಿಧಿ ಸಂಘಟನೆ 2025ರಲ್ಲಿ ನಿಯಮ ಸಡಿಲಿಸಿದೆ. ಒಳ್ಳೆಯದೇ. ಆದರೆ ಅದನ್ನು ಆ ಹೆಂಗಸಿಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿ, ಪಕ್ಕದಲ್ಲಿ ಕೂತು ಮಾಡಿಕೊಡುವವರು ಯಾರು? ಕೆಲಸಕ್ಕೆ ಸೇರಿದ ಮೊದಲ ದಿನವೇ ಆಧಾರ್ ನೋಡಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಬರೆದಿದ್ದರೆ ಈ ಯಾವ ಕಷ್ಟವೂ ಇರುತ್ತಿರಲಿಲ್ಲ. ಅದು ಹತ್ತು ನಿಮಿಷದ ಕೆಲಸ. ಎಚ್‌ಆರ್ ಕೆಲಸವೆಂದರೆ ಮೊದಲಿಗೆ ಇದೇ.

ಗುತ್ತಿಗೆ ಕಾರ್ಮಿಕರ ವಿಚಾರದಲ್ಲಿ ಕಾನೂನು ಬಾಯಿ ಮುಚ್ಚಿ ಕೂತಿಲ್ಲ ಎಂಬುದನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮಿನ ಪ್ರಕಾರ ಕೂಲಿ ಬಟವಾಡೆಯ ಹೊತ್ತಿಗೆ, ಗುತ್ತಿಗೆ ಕೊಟ್ಟ ಮೂಲ ಮಾಲೀಕನ ಪ್ರತಿನಿಧಿ ಎದುರಿಗೆ ಇರಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ರಕ್ಷಣಾ ಇಲಾಖೆಯ ಆವರಣದ ಕೆಲಸ ಕೇಂದ್ರದ ವ್ಯಾಪ್ತಿಯದ್ದು. ಹಾಗಾಗಿ ಕನಿಷ್ಠ ವೇತನದ ಕೇಂದ್ರ ದರ ಅನ್ವಯಿಸುತ್ತದೆ. ಅದರ ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಪರಿಷ್ಕರಣೆಯಾಗುತ್ತಾ ಬಂದಿದೆ. ದೂರು ಕೊಡಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗಲ್ಲ, ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ. ಇಷ್ಟು ಗೊತ್ತಿಲ್ಲದೆ ತಪ್ಪು ಕಚೇರಿಯ ಬಾಗಿಲಲ್ಲಿ ದಿನ ಕಳೆದರೆ ಅಂದಿನ ಕೂಲಿಯೂ ಹೋಯಿತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಜಾಗ ಹಿಡಿದಿವೆ. ಗುತ್ತಿಗೆ ನಿಯಮಗಳು ಅನ್ವಯಿಸಲು ಮೊದಲು 20 ಜನ ಇದ್ದರೆ ಸಾಕಿತ್ತು, ಈಗ 50 ಬೇಕು. ಸಣ್ಣ ಸಣ್ಣ ತುಂಡು ಗುತ್ತಿಗೆಗಳೇ ತುಂಬಿರುವ ನಮ್ಮಂಥ ಕಡೆ ಇದು ಹಿನ್ನಡೆ ಎಂದೇ ನಾನು ತಿಳಿಯುತ್ತೇನೆ.

ಈ ವೃತ್ತಿಯ ಮೂಲವನ್ನು ತೆಗೆದು ನೋಡಿದರೆ ಅಲ್ಲಿಯೂ ಸೂಪರ್‌ವೈಸರನೇ ಸಿಗುತ್ತಾನೆ. ಆಗ ಅವನ ಹೆಸರು ಜಾಬರ್, ಮುಕಾದಮ. ಮುಂಬೈಯ ಗಿರಣಿಗಳಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದು, ತೆಗೆದುಹಾಕುವುದು, ರಜೆಯಿಂದ ಬಂದವನನ್ನು ಮತ್ತೆ ಸೇರಿಸಿಕೊಳ್ಳುವುದು ಎಲ್ಲವೂ ಅವನ ಕೈಯಲ್ಲಿತ್ತು, ಪ್ರತಿಯೊಂದಕ್ಕೂ ಲಂಚವಿತ್ತು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ಕುರಿತ ರಾಯಲ್ ಕಮಿಷನ್, ಈ ಅಧಿಕಾರವನ್ನು ಜಾಬರನ ಕೈಯಿಂದ ಕಿತ್ತು ಲೇಬರ್ ಆಫೀಸರ್ ಎಂಬ ಹೊಸ ಅಧಿಕಾರಿಗೆ ಕೊಡಬೇಕೆಂದಿತು. 1936ರಲ್ಲಿ ಮುಂಬೈಯಲ್ಲಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾದ ಮೇಲೆ ಇಂಥ ಅಧಿಕಾರಿಗಳು ತಯಾರಾಗತೊಡಗಿದರು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ 500 ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಕಡ್ಡಾಯ ಎಂದಿತು. ಈ ಇತಿಹಾಸ ಗೊತ್ತಿರುವ ವಿದ್ಯಾರ್ಥಿ ತನ್ನ ವೃತ್ತಿಯನ್ನು ಕಚೇರಿಯಲ್ಲಿ ಮೋಜಿನ ಶುಕ್ರವಾರ ಏರ್ಪಡಿಸುವ ಕೆಲಸ ಎಂದು ತಿಳಿಯಲಾರ.

ಇದರಲ್ಲಿ ನಮ್ಮ ಜಿಲ್ಲೆಗೆ ಹೆಮ್ಮೆಯ ಪಾಲೂ ಇದೆ. ದಿನಕರ ದೇಸಾಯಿ ಎಂದರೆ ಕನ್ನಡಿಗರಿಗೆ ಚುಟುಕ ನೆನಪಾಗುತ್ತದೆ. ಅಂಕೋಲೆಯವರಿಗೆ 1953ರ ಕೆನರಾ ವೆಲ್‌ಫೇರ್ ಟ್ರಸ್ಟ್, ಗೋಖಲೆ ಶತಾಬ್ದಿ ಕಾಲೇಜು ನೆನಪಾಗುತ್ತವೆ. ಆದರೆ ಈ ಮನುಷ್ಯ ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬೈಯಲ್ಲಿ ಹಡಗಿನ ನಾವಿಕರ ಸಂಘಟನೆಗೆ ದುಡಿದವರು, 1940ರಲ್ಲಿ ಭಾರತದ ಕಡಲ ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದವರು. ನಾವಿಕರ ನೇಮಕಾತಿ ಆಗ ಸಾರಂಗರೆಂಬ ಖಲಾಸಿ ಮುಖಂಡರ ಮತ್ತು ದಲ್ಲಾಳಿಗಳ ಹಿಡಿತದಲ್ಲಿತ್ತು. ಒಂದು ಪ್ರಯಾಣಕ್ಕೆ ಹೆಸರು ಹತ್ತಬೇಕಾದರೆ ಸಾಲ ಮಾಡಿ ಕೈಬಿಸಿ ಮಾಡಬೇಕು, ದುಡಿದು ಬಂದ ಹಣದಲ್ಲಿ ಆ ಸಾಲ ತೀರಿಸಬೇಕು, ಮತ್ತೆ ಕೆಲಸವಿಲ್ಲದೆ ಕಾಯಬೇಕು. ನೇಮಕಾತಿಗೆ ನಾವಿಕರಿಂದ ಶುಲ್ಕ ವಸೂಲು ಮಾಡಬಾರದೆಂದು 1920ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಂದ ಮಾಡಿತ್ತು. 1922ರಲ್ಲಿ ಇಲ್ಲಿಯ ಸಮಿತಿಯೊಂದು ದಲ್ಲಾಳಿಗಳನ್ನು ಬಿಟ್ಟು ನೇಮಕಾತಿ ಕಚೇರಿ ತೆರೆಯಿರಿ ಎಂದಿತು; ವರ್ಷಗಟ್ಟಲೆ ಅದು ಕಾಗದದಲ್ಲೇ ಉಳಿಯಿತು. ಈ ದಂಧೆಯ ವಿರುದ್ಧದ ಕೆಲಸವೇ ಇಂದಿನ ಭಾಷೆಯಲ್ಲಿ ನೇಮಕಾತಿ ಸುಧಾರಣೆ. ಅಂಕೋಲಾ ತಾಲ್ಲೂಕಿನ ಅಲಗೇರಿಯ ಹುಡುಗನೊಬ್ಬ ಅದಕ್ಕೆ ಕೈಹಾಕಿದ್ದ. ಈ ಕಥೆ ನಮ್ಮ ಕಾಲೇಜುಗಳ ವಾಣಿಜ್ಯ ತರಗತಿಯಲ್ಲಿ ಬರುವುದಿಲ್ಲ, ಕನ್ನಡ ತರಗತಿಯಲ್ಲಿ ಚುಟುಕದೊಂದಿಗೆ ಮುಗಿಯುತ್ತದೆ. ಇದು ನನಗೆ ನಿಜವಾಗಿ ನೋವಿನ ಸಂಗತಿ. ಕಾರವಾರ, ಅಂಕೋಲೆಯ ಯುವಕರು ಇಂದಿಗೂ ಹಡಗಿನ ಕೆಲಸದ ಕನಸು ಕಾಣುತ್ತಾರೆ. 2015ರಲ್ಲಿ ಭಾರತ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಅಂಗೀಕರಿಸಿದೆ. ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಬೇಕು, ನೌಕರಿ ಕೊಡಿಸಿದ್ದಕ್ಕೆ ಹುಡುಗನಿಂದ ಹಣ ಪಡೆಯುವಂತಿಲ್ಲ. ಪರವಾನಗಿ ಸಂಖ್ಯೆ ಕೇಳಿ ನೋಡುವ ಬುದ್ಧಿಯನ್ನಾದರೂ ಕಾಲೇಜು ಕೊಡಬೇಕಲ್ಲವೇ?

ಕಾರ್ಮಿಕ ಕಲ್ಯಾಣ ಹೋಗಿ ಮಾನವ ಸಂಪನ್ಮೂಲ ಬಂದ ಬದಲಾವಣೆಯನ್ನು ಪೂರ್ತಿ ದೂರುವುದು ನ್ಯಾಯವಲ್ಲ. 1970ರ ದಶಕದ ಮಧ್ಯದಲ್ಲಿ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಎಲ್‌ ಅಂಡ್ ಟಿ ಕಂಪನಿಗೆ ಹೊಸ ವ್ಯವಸ್ಥೆ ರೂಪಿಸಿದಾಗ ಅವರ ಆಶಯ ಘನವಾಗಿತ್ತು: ಕೆಲಸಗಾರ ಬರೀ ಶಿಸ್ತಿಗೆ ಒಳಪಡಬೇಕಾದವನಲ್ಲ, ಬೆಳೆಯಬಲ್ಲವನು. ತರಬೇತಿ, ಮೌಲ್ಯಮಾಪನ, ಬಡ್ತಿಯ ದಾರಿ ಇವೆಲ್ಲ ಹೀಗೆ ಬಂದವು. ಆದರೆ ಈ ಬೆಳವಣಿಗೆ ಕಾಯಂ ನೌಕರರಿಗೆ ಸಿಕ್ಕಿತು, ಗುತ್ತಿಗೆಯವರು ಹಳೆಯ ಮುಕಾದಮನ ಕೈಯಲ್ಲೇ ಉಳಿದರು. ನೌಕಾನೆಲೆಯ ಹಡಗು ದುರಸ್ತಿ ಯಾರ್ಡಿನ ಅಪ್ರೆಂಟಿಸ್ ಹುದ್ದೆಗಳಿಗೆ ಐಟಿಐ ಮಕ್ಕಳು ಪರೀಕ್ಷೆ ಬರೆದು ಸೇರುತ್ತಾರೆ. ಅದು ಒಳ್ಳೆಯ ತರಬೇತಿ. ಆದರೆ ಮುಗಿಸಿದವರಿಗೆಲ್ಲ ನೌಕರಿ ಕೊಡಲೇಬೇಕೆಂಬ ಕಟ್ಟು ಅಪ್ರೆಂಟಿಸ್ ಕಾಯ್ದೆಯಲ್ಲಿ ಇಲ್ಲ ಎಂಬುದನ್ನು ಮೊದಲೇ ಬಿಡಿಸಿ ಹೇಳಿದರೆ ಎಷ್ಟೋ ಮನೆಗಳ ನಿರಾಶೆ ತಪ್ಪೀತು.

ಹಾಗಾದರೆ ಇಲ್ಲಿಯ ಹುಡುಗ ಹುಡುಗಿಯರಿಗೆ ದಾರಿ ಯಾವುದು? ಮೆಟ್ಟಿಲಿನ ಚಿತ್ರದಲ್ಲಿಲ್ಲದ ಒಂದನ್ನು ಒತ್ತಿ ಹೇಳುತ್ತೇನೆ. 1987ರಲ್ಲಿ ರೂಪುಗೊಂಡ ಕೇಂದ್ರ ಕಾರ್ಮಿಕ ಸೇವೆ ಎಂಬುದಿದೆ. ಯುಪಿಎಸ್‌ಸಿ ಮೂಲಕ ನೇಮಕಾತಿ. ಅದರ ಅಧಿಕಾರಿಗಳು ಕೇಂದ್ರ ವ್ಯಾಪ್ತಿಯ ಕಾರ್ಮಿಕ ವ್ಯಾಜ್ಯಗಳಲ್ಲಿ ಸಂಧಾನಕಾರರು, ರಕ್ಷಣಾ ಇಲಾಖೆಯ ಕಾರ್ಖಾನೆಗಳಲ್ಲಿ ಮತ್ತು ಡಾಕ್‌ಯಾರ್ಡುಗಳಲ್ಲಿ ಕಲ್ಯಾಣಾಧಿಕಾರಿಗಳು. ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ ಎರಡನ್ನೂ ಮಗ್ಗುಲಲ್ಲಿ ಇಟ್ಟುಕೊಂಡ ಜಿಲ್ಲೆಗೆ ಇದಕ್ಕಿಂತ ಹತ್ತಿರದ ಎಚ್‌ಆರ್ ವೃತ್ತಿ ಬೇರೆ ಯಾವುದಿದೆ? ಭವಿಷ್ಯ ನಿಧಿ ಸಂಘಟನೆಯ ಜಾರಿ ಅಧಿಕಾರಿ ಹುದ್ದೆಯೂ ಯುಪಿಎಸ್‌ಸಿ ಪರೀಕ್ಷೆಯಿಂದಲೇ. ರಾಜ್ಯದಲ್ಲಿ ಕಾರ್ಮಿಕ ನಿರೀಕ್ಷಕರ ಹುದ್ದೆಗಳಿವೆ. ಇನ್ನು ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಯ ಮಿತಿಯನ್ನು ಹೊಸ ಸಂಹಿತೆ 500ರಿಂದ 250ಕ್ಕೆ ಇಳಿಸಿದೆ; ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಮಾಡಿದವರಿಗೆ ಇದು ಒಳ್ಳೆಯ ಸುದ್ದಿ. ಹಲವು ರಾಜ್ಯಗಳ ಹಳೆಯ ನಿಯಮಗಳಲ್ಲಿ ಈ ಅಧಿಕಾರಿಗೆ ಬಹುಪಾಲು ಕೆಲಸಗಾರರ ಭಾಷೆ ಬರಬೇಕೆಂಬ ಷರತ್ತಿತ್ತು. ಕನ್ನಡ, ಕೊಂಕಣಿ ಎರಡನ್ನೂ ಮನೆಯಲ್ಲೇ ಕಲಿತು, ಹಿಂದಿಯಲ್ಲೂ ಮಾತಾಡಬಲ್ಲ ಕಾರವಾರದ ಹುಡುಗಿಗೆ ಇದು ದೊಡ್ಡ ಅರ್ಹತೆ. ವೃತ್ತಿ ಮಾರ್ಗದರ್ಶಕರು ಮಾತ್ರ ಅವಳ ಇಂಗ್ಲಿಷ್ ಉಚ್ಚಾರವನ್ನೇ ತಿದ್ದುತ್ತಾರೆ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು, ತೇಲಿಸಿ ಬಿಡಲಾಗದು. ಕಲ್ಯಾಣಾಧಿಕಾರಿಗೆ ಸಂಬಳ ಕೊಡುವವನು ಮಾಲೀಕ, ಹಾಗಿರುವಾಗ ಅವನು ಕೆಲಸಗಾರನ ಪರ ನಿಲ್ಲುವುದು ಹೇಗೆ? ನಿಜ. ಆಂತರಿಕ ವಿಚಾರಣೆಯಲ್ಲಿ ಆರೋಪ ಪಟ್ಟಿ ಬರೆಯುವವನೂ ಎಚ್‌ಆರ್, ವಿಚಾರಣೆ ಏರ್ಪಡಿಸುವವನೂ ಎಚ್‌ಆರ್. ಅವನಿಂದ ಯೂನಿಯನ್ ಮುಖಂಡನ ಕೆಲಸ ನಿರೀಕ್ಷಿಸುವುದು ತಪ್ಪು. ಆದರೆ ಆರೋಪ ಪಟ್ಟಿಯನ್ನು ಕೆಲಸಗಾರನಿಗೆ ಓದಲು ಬರುವ ಭಾಷೆಯಲ್ಲಿ ಕೊಡುವುದು, ಉತ್ತರಕ್ಕೆ ಸಮಯ ಕೊಡುವುದು, ಸಾಕ್ಷಿಯನ್ನು ಪ್ರಶ್ನಿಸಲು ಬಿಡುವುದು ಮಾಲೀಕನ ಹಿತಕ್ಕೂ ಬೇಕಾದದ್ದೇ. ಇವು ತಪ್ಪಿದ ವಿಚಾರಣೆ ನ್ಯಾಯಾಲಯದಲ್ಲಿ ಬಿದ್ದುಹೋಗುತ್ತದೆ. ನೇರವಾಗಿ ನಡೆದುಕೊಳ್ಳಲು ಇಷ್ಟು ಅವಕಾಶ ಸಾಕು, ಆದರೆ ಅದಕ್ಕೆ ಕಾನೂನು ಬಾಯಿಗೆ ಬಂದಿರಬೇಕು. ಜನರೊಂದಿಗೆ ಬೆರೆಯುವ ಸ್ವಭಾವ ಅದನ್ನು ತಂದುಕೊಡುವುದಿಲ್ಲ.

ವಾಣಿಜ್ಯ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಉದ್ಯೋಗಿ ತೃಪ್ತಿಯ ಪ್ರಶ್ನಾವಳಿ, ಅದರ ಕೋಷ್ಟಕ, ಶೇಕಡಾವಾರು ಚಿತ್ರ ಇವೇ ಮತ್ತೆ ಮತ್ತೆ ಬರುತ್ತವೆ. ಅದರ ಬದಲು ತಮ್ಮದೇ ಓಣಿಯ ಗುತ್ತಿಗೆ ಕೆಲಸಗಾರರ ವೇತನ ಚೀಟಿ ಮತ್ತು ಪಿಎಫ್ ಪಾಸ್‌ಬುಕ್ ಅವರ ಒಪ್ಪಿಗೆ ಪಡೆದು ನೋಡಲಿ: ದರ ಸರಿಯಿದೆಯೇ, ದಿನಗಳ ಲೆಕ್ಕ ಸರಿಯಿದೆಯೇ, ಮುರಿದ ಹಣ ಖಾತೆಗೆ ಬಿದ್ದಿದೆಯೇ, ಹೆಸರು ಹೊಂದುತ್ತದೆಯೇ. ತಪ್ಪಿದ್ದಲ್ಲಿ ಅರ್ಜಿ ಬರೆದುಕೊಡಲಿ, ಅದರ ಗತಿ ಏನಾಯಿತೆಂದು ವರದಿಯಲ್ಲಿ ಬರೆಯಲಿ. ಚೆಂಡಿಯಾ, ಅಮದಳ್ಳಿ, ತೋಡೂರಿನಿಂದ ಬರುವ ಮಕ್ಕಳಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೊಸ ಕೋರ್ಸೂ ಬೇಡ, ಇರುವ ಪ್ರಾಜೆಕ್ಟಿನ ವಿಷಯ ಬದಲಿಸಲು ವಿಭಾಗದ ಮುಖ್ಯಸ್ಥರು ಒಪ್ಪಿದರಾಯಿತು.