ಬಣ್ಣ ಹಚ್ಚದ ಮುಖ

ಚಿತ್ರತಾರೆ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಂದು ನುಣುಪಾದ ಮುಖ. ಅತ್ತರೂ ಕಾಡಿಗೆ ಕರಗದು, ರಾತ್ರಿಯಿಡೀ ಅಲೆದರೂ ದಣಿವು ಕಾಣದು. ಫ್ರಾನ್ಸಿನ ನಟಿ ಝಾನ್ ಮೊರೋ ಅವರದು ಅಂಥ ಮುಖವಲ್ಲ, ಅದು ಕ್ಯಾಮೆರಾಕ್ಕೆ ಒಗ್ಗದು ಎಂದು ಚಿತ್ರರಂಗದವರು ಮೊದಲಿಗೇ ಹೇಳಿಬಿಟ್ಟಿದ್ದರು. ಆ ಮುಖವೇ ಅರವತ್ತು ವರ್ಷಕ್ಕೂ ಮೀರಿ ತೆರೆಯ ಮೇಲೆ ಉಳಿಯಿತು. ಹೇಗೆ ಉಳಿಯಿತು ಎಂಬುದು ಹೆಂಗಸರಾದ ನಾವು ಯೋಚಿಸಬೇಕಾದ ವಿಷಯ.

ಆಕೆ ಹುಟ್ಟಿದ್ದು 1928ರಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆ ಹೋಟೆಲು ನಡೆಸುತ್ತಿದ್ದವರು, ತಾಯಿ ಇಂಗ್ಲೆಂಡಿನಿಂದ ಬಂದ ನರ್ತಕಿ. ಮಗಳು ನಟಿಯಾಗುವುದು ತಂದೆಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಹಟ ಹಿಡಿದು ಕಲಿತ ಮಗಳು 1947ರಲ್ಲಿ ಕಾಮೆದಿ ಫ್ರಾನ್ಸೇಸ್ ಎಂಬ ಹೆಸರಾಂತ ರಂಗಸಂಸ್ಥೆಯನ್ನು ಸೇರಿದಳು. ರಂಗದ ಮೇಲೆ ಮೆಚ್ಚುಗೆ ಬಂತು. ಸಿನಿಮಾದಲ್ಲಿ ಮಾತ್ರ ದಪ್ಪ ಬಣ್ಣ ಬಳಿದು, ಕಣ್ಣ ಕೆಳಗಿನ ಕಪ್ಪನ್ನು ಮರೆಸಿ, ಸಣ್ಣಪುಟ್ಟ ಪಾತ್ರ ಕೊಡುತ್ತಿದ್ದರು.

1958ರಲ್ಲಿ ತೆರೆಕಂಡ 'ಎಲಿವೇಟರ್ ಟು ದ ಗ್ಯಾಲೋಸ್' ಇದನ್ನು ಬದಲಿಸಿತು. ನಿರ್ದೇಶಕ ಲೂಯಿ ಮಾಲ್‌ಗೆ ಆಗ ಇಪ್ಪತ್ತೈದರ ಆಸುಪಾಸು. ಗಂಡನನ್ನು ಕೊಂದ ಪ್ರಿಯಕರ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅದನ್ನು ತಿಳಿಯದ ನಾಯಕಿ ರಾತ್ರಿಯಿಡೀ ಪ್ಯಾರಿಸ್ಸಿನ ಬೀದಿಗಳಲ್ಲಿ ಅವನನ್ನು ಹುಡುಕುತ್ತಾಳೆ. ಛಾಯಾಗ್ರಾಹಕ ಆನ್ರಿ ದೆಕೇ ದೊಡ್ಡ ದೀಪಗಳನ್ನು ಬಿಟ್ಟು, ಅಂಗಡಿ ಕಿಟಕಿಗಳ ಬೆಳಕಿನಲ್ಲೇ ಆಕೆಯನ್ನು ಸೆರೆಹಿಡಿದ. ಕ್ಯಾಮೆರಾ ಇಟ್ಟದ್ದು ಮಗುವಿನ ತಳ್ಳುಗಾಡಿಯಲ್ಲಿ! ಲ್ಯಾಬೊರೇಟರಿಯ ತಂತ್ರಜ್ಞರು ಆಕೆಯನ್ನು ಹೀಗೆ ಕೆಡಿಸಬಾರದೆಂದು ತಕರಾರು ತೆಗೆದರಂತೆ. ತೆರೆಯ ಮೇಲೆ ಕಂಡದ್ದು ಒದ್ದೆ ಕೂದಲು, ಇಳಿದ ತುಟಿ, ನಿದ್ದೆಗೆಟ್ಟ ಕಣ್ಣು. ಆ ಹೆಣ್ಣಿನ ಮನಸ್ಸಿನಲ್ಲಿರುವುದೆಲ್ಲ ಅಲ್ಲಿ ಬರೆದಿತ್ತು. ಕೊಲೆಗೆ ಪಾಲುದಾರಳಾದ ಅವಳ ಬಗ್ಗೆಯೂ ನಮಗೆ ಮರುಕ ಹುಟ್ಟುವುದು ಆ ಮುಖದಿಂದ.

ಬಹಳ ಮಂದಿ ಕೊಂಡಾಡುವುದು ತ್ರುಫೋನ 'ಜೂಲ್ ಎ ಜಿಮ್' (1962) ಚಿತ್ರವನ್ನು. ಇಬ್ಬರು ಗೆಳೆಯರ ನಡುವೆ ತನ್ನಿಷ್ಟದಂತೆ ಬಾಳುವ ಕ್ಯಾಥರೀನ್ ಸ್ವತಂತ್ರ ಹೆಣ್ಣೆಂದು ಹೆಸರಾದಳು. ನನಗೆ ಅಷ್ಟು ಸಮಾಧಾನವಿಲ್ಲ. ಅವರು ಅವಳಿಗೆ ಮನಸೋಲುವುದು ಕಲ್ಲಿನ ವಿಗ್ರಹವೊಂದರ ನಗೆ ಅವಳಲ್ಲಿದೆಯೆಂದು. ಅವಳ ಕಥೆ ಹೇಳುವ ದನಿಯೂ ಗಂಡಸಿನದೇ. ಕೊನೆಗೆ ಜಿಮ್‌ನನ್ನು ಕೂರಿಸಿಕೊಂಡು ಮುರಿದ ಸೇತುವೆಯಿಂದ ಕಾರು ಬೀಳಿಸಿ ಸಾಯುತ್ತಾಳೆ. ಆ ಪಾತ್ರಕ್ಕೆ ಜೀವ ಬಂದಿರುವುದು ನಗೆ ಮಾಸಿದ ಕ್ಷಣಗಳಲ್ಲಿ. ಅದು ಮೊರೋ ಕೊಟ್ಟದ್ದು.

ಮುಂದೆ ಆಕೆಯೇ ಕಥೆ ಹೇಳಹೊರಟರು. 'ಲೂಮಿಯೇರ್' (1976) ನಟಿಯರಾದ ಗೆಳತಿಯರ ಕಥೆ. 'ಲಾದೊಲೆಸಾಂತ್' (1979) ಚಿತ್ರದಲ್ಲಿ ಹುಡುಗಿಯೊಬ್ಬಳು 1939ರ ಬೇಸಿಗೆಯನ್ನು ಅಜ್ಜಿಯ ಹಳ್ಳಿಯಲ್ಲಿ ಕಳೆಯುತ್ತಾಳೆ. ಅಜ್ಜಿಯಾಗಿ ಸಿಮೋನ್ ಸಿನ್ಯೋರೆ. 1986ರಲ್ಲಿ ರಂಗಕ್ಕೆ ಮರಳಿ ಝೆರ್ಲೀನ್ ಎಂಬ ಮುದಿ ಕೆಲಸದಾಕೆಯಾದರು. ಜೀವಮಾನವಿಡೀ ಇತರರ ಮನೆಯಲ್ಲಿ ದುಡಿದವಳು ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ನಾಟಕ ಅದು.

2012ರಲ್ಲಿ ಬಂದ 'ಎ ಲೇಡಿ ಇನ್ ಪ್ಯಾರಿಸ್' ಚಿತ್ರದಲ್ಲಿ ಆರೈಕೆಗೆ ಬಂದವಳನ್ನು ಗದರಿಸಿ ಕಳಿಸುವ ಸಿಡುಕಿನ ಮುದುಕಿಯಾಗಿದ್ದಾರೆ. ಎಂಬತ್ತು ದಾಟಿದ ಮುಖದ ಒಂದು ಗೆರೆಯನ್ನೂ ಮುಚ್ಚಿಲ್ಲ. 2017ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಲ್ಲಿ ಎಷ್ಟೋ ಹೆಂಗಸರು ನಲವತ್ತು ದಾಟಿದ ಮೇಲೆ ಫೋಟೋಕ್ಕೆ ನಿಲ್ಲಲೂ ಹಿಂಜರಿಯುತ್ತಾರೆ. ಮುಖದ ಗೆರೆಗಳು ಸೋಲಿನ ಗುರುತೆಂದು ನಮಗೆ ಯಾರು ಕಲಿಸಿದರೋ! ಮೊರೋ ಅವುಗಳನ್ನೇ ಬಂಡವಾಳ ಮಾಡಿಕೊಂಡು ದುಡಿದರು.